ಗಡಿಯಾರ ಕಂಬದ ಸುತ್ತ ಫುಟ್‌ಪಾತ್ ಜಗ್ಗಾಟ: ಅಧ್ಯಯನ ಎಲ್ಲಿಂದ ಶುರು ಮಾಡೋದು?

ಭೂಗೋಳ ಎಂ.ಎ., ದಾವಣಗೆರೆ:
ಗಡಿಯಾರ ಕಂಬ, ಮಂಡಿಪೇಟೆ ಕಡೆ ಒಂದೇ ಜಾಗ ತಳ್ಳುಗಾಡಿಯವರಿಗೂ ಬೇಕು, ಅಂಗಡಿ, ಆಟೋದವರಿಗೂ ಬೇಕು, ನಡೆಯೋರಿಗೂ ಬೇಕು. ಇದರ ಮೇಲೇ ಪ್ರಬಂಧ ಬರೆದು, ಮುಂದೆ ಪಿಎಚ್‌.ಡಿ.ಗೂ ಇದನ್ನೇ ಹಿಡೀಬೇಕು ಅಂತಿದೆ. 200 ಜನಕ್ಕೆ ಪ್ರಶ್ನಾವಳಿ ಕೊಟ್ಟರೆ ಸಾಕಾ?

ನಕ್ಷೆಗಾರ:
ಪ್ರಶ್ನಾವಳಿ ಆಮೇಲೆ, ಮೊದಲು ಜಾಗ ಅಳೀರಿ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತೆ. ಗಾಡಿ ಚರಂಡಿ ಚಪ್ಪಡಿ ಮೇಲಿದೆಯೋ, ಅಂಗಡಿ ಕಟ್ಟೆಗೆ ಒತ್ತಿದೆಯೋ ಅದರಿಂದ ತಿಳಿಯಲ್ಲ. ಜಗಳ ಇರೋದೇ ಆ ಒಂದು ಮೀಟರಿಗೆ. ಕರೆಂಟ್ ಕಂಬದಿಂದ ಕಂಬಕ್ಕೆ 30 ಮೀಟರ್ ಟೇಪ್ ಎಳೆದು, 1:200 ಅಳತೆಯಲ್ಲಿ ಕೈನಕ್ಷೆ ಮಾಡಿ, ಆಮೇಲೆ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ಗೆ ಏರಿಸಿ. ನಕ್ಷೆಯ ಜೆರಾಕ್ಸ್ ಇಟ್ಟುಕೊಂಡು ಬೆಳಗ್ಗೆ 6ರಿಂದ ರಾತ್ರಿ 9ರ ತನಕ ಗಂಟೆಗೊಮ್ಮೆ ಯಾರೆಲ್ಲಿ ಅಂತ ಗುರುತು ಹಾಕಿ. ಒಂದು ಮಾಮೂಲಿ ದಿನ, ಒಂದು ಭಾನುವಾರ, ಹಬ್ಬದ ಹಿಂದಿನ ದಿನ ಒಂದು. ಮಧ್ಯಾಹ್ನ ಒಂದೇ ಸಲ ಎಣಿಸಿದರೆ ಬೆಳಗಿನ ಸೊಪ್ಪಿನವರೂ ತಪ್ಪಿಹೋಗ್ತಾರೆ, ಸಂಜೆಯ ಮಿರ್ಚಿ-ಮಂಡಕ್ಕಿ ಗಾಡಿಯೂ ತಪ್ಪಿಹೋಗುತ್ತೆ.

ಅಂಗಡಿಯವರು ಹೊರಗೆ ಚಾಚಿದ ಕಟ್ಟೆ, ಶೀಟು, ನಿಲ್ಲಿಸಿದ ಬೈಕು ಇವನ್ನೂ ಅಳೀರಿ. ಒತ್ತುವರಿ ಅಂದರೆ ಗಾಡಿ ಮಾತ್ರ ಅಂತ ಎಣಿಸಿದರೆ ಪ್ರಬಂಧ ಅಲ್ಲೇ ಒಂದು ಕಡೆ ವಾಲಿತು.

ಕಡತಪ್ರಿಯ:
2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಓದದೆ ಬೀದಿಗೆ ಇಳೀಬೇಡಿ. ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡೋ ತನಕ ಇದ್ದವರನ್ನು ಎಬ್ಬಿಸುವಂತಿಲ್ಲ. ಈ ಕಾಯ್ದೆಯಡಿ ಮಾಡೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ 40ಕ್ಕಿಂತ ಕಮ್ಮಿ ಇರಬಾರದು, ಅವರಲ್ಲಿ ಮೂರರಲ್ಲೊಂದು ಭಾಗ ಹೆಣ್ಣುಮಕ್ಕಳು. ಆ ಸಮಿತಿಯ ನಡಾವಳಿ, ಸಮೀಕ್ಷೆಯ ಅಂಕಿ ಎರಡನ್ನೂ ಮಹಾನಗರ ಪಾಲಿಕೆಯಲ್ಲಿ ಆರ್‌ಟಿಐ ಹಾಕಿ ಕೇಳಿ, 10 ರೂ. ಪೋಸ್ಟಲ್ ಆರ್ಡರ್ ಸಮೇತ. ಎರಡಕ್ಕೂ ಬೇರೆ ಬೇರೆ ಅರ್ಜಿ! ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಹಿಡಿಯುತ್ತೆ, ಟೇಪ್ ಹಿಡಿಯೋ ಮೊದಲೇ ಹಾಕಿಬಿಡಿ. ಮಾಸ್ಟರ್ ಪ್ಲಾನ್‌ಗೆ ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ. ದಾವಣಗೆರೆ 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಇತ್ತಲ್ಲ, ಆ ಕೆಲಸಕ್ಕೆ ಮುಂಚಿನ ರಸ್ತೆ ನಕ್ಷೆ ಸಿಕ್ಕರೆ ಹೋಲಿಸೋಕೆ ಚಿನ್ನ.

ಭೂಗೋಳ ಎಂ.ಎ., ದಾವಣಗೆರೆ:
ಥ್ಯಾಂಕ್ಸ್ ಸರ್. ಮುಗಿದ ಮೇಲೆ ನಕ್ಷೆನ ಪಾಲಿಕೆಗೆ ಕೊಡಬಹುದಾ?

ನಕ್ಷೆಗಾರ:
ಒಂದೊಂದು ಗಾಡಿ ಗುರುತಿಸಿದ ನಕ್ಷೆ ಯಾರಿಗೂ ಕೊಡಬೇಡಿ. ಪ್ರಮಾಣಪತ್ರ ಇಲ್ಲದವರು ಎಲ್ಲಿ ನಿಲ್ತಾರೆ ಅಂತ ತೋರಿಸಿದರೆ ಅದೇ ಎಬ್ಬಿಸೋರ ಪಟ್ಟಿ. 10 ಮೀಟರಿಗೆ ಇಷ್ಟು ಗಾಡಿ ಅಂತ ಒಟ್ಟು ಮಾಡಿ ಕೊಡಿ. ಟಿಪ್ಪಣಿಯಲ್ಲಿ ಹೆಸರಿನ ಬದಲು ನಂಬರ್, ಹೆಸರಿನ ಪುಸ್ತಕ ಮನೇಲಿ.