ತೋಳಿನ ಚರ್ಮ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ: ಮಾಡಿಸಿಕೊಂಡವರ, ಆರೈಕೆ ಮಾಡಿದವರ ಅನುಭವಗಳು

ಪ್ರಶ್ನೆ, ಸಿಂಧನೂರಿನಿಂದ

ಹೆರಿಗೆಯ ನಂತರ ಏರಿದ್ದ ತೂಕವನ್ನು ಕಷ್ಟಪಟ್ಟು ಇಳಿಸಿಕೊಂಡಿದ್ದೇನೆ. ಆದರೆ ಎರಡೂ ರಟ್ಟೆಗಳ ಚರ್ಮ ಕಂಕುಳಿನಿಂದ ಮೊಣಕೈವರೆಗೆ ಜೋತುಬಿದ್ದಿದೆ. ಬೇಸಿಗೆ ಬಂತೆಂದರೆ ಕಂಕುಳ ಮಡಿಕೆಯಲ್ಲಿ ಬೆವರು ನಿಂತು ತುರಿಕೆ, ಗಂದೆ ಏಳುತ್ತವೆ. ಆರ್ಮ್ ಲಿಫ್ಟ್ ಮಾಡಿಸಿಕೊಳ್ಳಬಹುದೆಂದು ವೈದ್ಯರು ಹೇಳಿದ್ದಾರೆ. ಅಡುಗೆ, ನೀರು, ಚಿಕ್ಕ ಮಗು ಎಲ್ಲವೂ ನನ್ನ ಮೇಲೆಯೇ ಇದೆ. ಮಾಡಿಸಿಕೊಂಡವರು, ಅಂಥವರನ್ನು ನೋಡಿಕೊಂಡವರು ಏನೇನು ತಿಳಿದಿರಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ, ಬಳ್ಳಾರಿಯಿಂದ

ನಾನು ಇದನ್ನು ಮಾಡಿಸಿಕೊಂಡವಳು. ಫಲಿತಾಂಶದ ಬಗ್ಗೆ ನನಗೆ ತೃಪ್ತಿಯಿದೆ. ಹಾಗಿದ್ದರೂ ನೀವು ಮೊದಲು ಯೋಚಿಸಬೇಕಾದದ್ದು ಕಲೆಯ ಬಗ್ಗೆ ಎಂದೇ ಹೇಳುತ್ತೇನೆ. ಹೆಚ್ಚಾದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಕತ್ತರಿಸಿ ತೆಗೆದು ಉಳಿದದ್ದನ್ನು ಎಳೆದು ಹೊಲಿಯುತ್ತಾರಾದ್ದರಿಂದ, ಕಂಕುಳಿನಿಂದ ಮೊಣಕೈ ಹತ್ತಿರದವರೆಗೆ ರಟ್ಟೆಯ ಒಳಬದಿಯಲ್ಲೋ ಹಿಂಬದಿಯಲ್ಲೋ ಉದ್ದನೆಯ ಗೀರು ಉಳಿದೇ ಉಳಿಯುತ್ತದೆ. ಅದು ಮಸುಕಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಮೊದಲ ಕೆಲವು ತಿಂಗಳು ಅದು ಉಬ್ಬಿಕೊಂಡು, ಬಣ್ಣ ಗಾಢವಾಗಿ, ಮುಟ್ಟಿದರೆ ಹಗ್ಗದಂತೆ ಗಟ್ಟಿಯಾಗಿರುತ್ತದೆ. ಮೆತ್ತಗಾಗಿ ತಿಳಿಯಾಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕಾಗುತ್ತದೆ. ನಮ್ಮಂಥ ಮೈಬಣ್ಣದವರಲ್ಲಿ ಕಲೆ ಕಪ್ಪಾಗುವ, ದಪ್ಪಗಾಗುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲೋ, ಲಸಿಕೆ ಹಾಕಿಸಿದ ಜಾಗದಲ್ಲೋ ಗಂಟಿನಂತೆ ಕೆಲಾಯ್ಡ್ ಬೆಳೆದದ್ದಿದ್ದರೆ ಅದನ್ನು ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತೋರಿಸಬೇಕು, ಏಕೆಂದರೆ ಅಂಥವರಿಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದು ಹೇಳುವ ವೈದ್ಯರೂ ಇದ್ದಾರೆ.

ಕಲೆ ಎಲ್ಲಿ ಬರಬೇಕೆಂಬುದನ್ನು ಮಾತಿನಲ್ಲಿ ತೀರ್ಮಾನಿಸಬೇಡಿ. ನೀವು ದಿನವೂ ತೊಡುವ ಗಿಡ್ಡ ತೋಳಿನ ರವಿಕೆಯನ್ನೇ ಹಾಕಿಕೊಂಡು ಹೋಗಿ, ಗೀರು ಬರುವ ದಾರಿಯನ್ನು ವೈದ್ಯರಿಂದ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು, ಕನ್ನಡಿಯ ಮುಂದೆ ಕೈ ಇಳಿಬಿಟ್ಟು, ಜಡೆ ಹಾಕಿಕೊಳ್ಳುವಂತೆ ಎತ್ತಿ, ಸೆರಗು ಸರಿಮಾಡಿಕೊಳ್ಳುವಂತೆ ಮಡಚಿ ನೋಡಿ. ಕೈ ಇಳಿಬಿಟ್ಟಾಗ ಮರೆಯಾಗುವ ಗೆರೆ ಎತ್ತಿದಾಗ ಕಾಣುತ್ತದೆ. ಹಿಂಬದಿಯ ಗೆರೆ ನಮಗೆ ಕಾಣದಿದ್ದರೂ ಹಿಂದೆ ನಿಂತವರಿಗೆ ಕಾಣುತ್ತದೆ. ನಾನು ಹೀಗೆ ನೋಡಿಕೊಂಡೇ ಒಳಬದಿಯನ್ನು ಆರಿಸಿಕೊಂಡೆ. ಚರ್ಮ ಇನ್ನೂ ಬಿಗಿಯಾಗಿದ್ದು ಕೊಬ್ಬು ಮಾತ್ರ ಹೆಚ್ಚಾಗಿರುವವರಿಗೆ ಅದನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್ ಒಂದೇ ಸಾಕಾಗಬಹುದು, ಕಂಕುಳ ಹತ್ತಿರ ಮಾತ್ರ ಸಡಿಲವಿರುವವರಿಗೆ ಕಂಕುಳಲ್ಲಿಯೇ ಮುಗಿಯುವ ಚಿಕ್ಕ ಗೀರಿನ ವಿಧಾನವೂ ಇದೆ. ಆದರೆ ಮೊಣಕೈವರೆಗೂ ಜೋತುಬಿದ್ದ ಚರ್ಮಕ್ಕೆ ಇವೆರಡೂ ಸಾಲುವುದಿಲ್ಲ. ಕಲೆಯೇ ಇಲ್ಲದೆ ಅಷ್ಟು ಚರ್ಮವನ್ನು ತೆಗೆಯುತ್ತೇವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ನಿಮ್ಮ ಮನೆಯ ಕೆಲಸ. ಆಸ್ಪತ್ರೆಯ ಚೀಟಿಯಲ್ಲಿ ‘ನಾಲ್ಕರಿಂದ ಆರು ವಾರ ಭಾರ ಎತ್ತಬಾರದು’ ಎಂಬ ಒಂದು ಸಾಲು ಇರುತ್ತದೆ. ಕುಳಿತು ಮಾಡುವ ಕಚೇರಿ ಕೆಲಸಕ್ಕೆ ಒಂದೆರಡು ವಾರಗಳಲ್ಲಿ ಮರಳಬಹುದೆಂದೂ ಹೇಳುತ್ತಾರೆ, ಅದು ನಿಜವೇ. ಆದರೆ ನಮ್ಮ ಭಾಗದ ಹೆಣ್ಣುಮಕ್ಕಳ ಕೆಲಸ ಕುಳಿತು ಬೆರಳಚ್ಚು ಮಾಡುವಂಥದ್ದಲ್ಲ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವಾಗ ರಟ್ಟೆಯ ಹಿಂಬದಿಯ ಸ್ನಾಯು ಪೂರ್ತಿ ಬಿಗಿಯುತ್ತದೆ. ರೊಟ್ಟಿ ಬಡಿಯುವಾಗ ಅಂಗೈಯಿಂದ ಭುಜದವರೆಗೆ ಇಡೀ ಕೈ ಅದುರುತ್ತದೆ. ತುಂಬಿದ ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಮೇಲಿನ ಗೂಡಿನಿಂದ ಡಬ್ಬಿ ಇಳಿಸುವುದು, ಮಗುವನ್ನು ಕಂಕುಳಿಗೆ ಏರಿಸಿಕೊಳ್ಳುವುದು, ಸ್ಕೂಟರ್ ಓಡಿಸುವುದು, ಇವೆಲ್ಲವೂ ಹೊಲಿಗೆಯನ್ನು ಎಳೆಯುತ್ತವೆ. ಹೊಲಿಗೆ ಬಿಟ್ಟುಕೊಳ್ಳುವುದು ಹೆಚ್ಚಾಗಿ ಕಂಕುಳ ಬಳಿಯೇ, ಏಕೆಂದರೆ ಎಳೆತವೂ ತೇವವೂ ಅಲ್ಲಿಯೇ ಜಾಸ್ತಿ. ಆದ್ದರಿಂದ ಈ ಕೆಲಸಗಳನ್ನು ಒಂದೊಂದಾಗಿ ವೈದ್ಯರ ಮುಂದೆ ಹೇಳಿ, ಯಾವುದನ್ನು ಯಾವ ವಾರದಿಂದ ಮಾಡಬಹುದೆಂದು ಬರೆಸಿಕೊಳ್ಳಿ. ಆ ಹಾಳೆಯನ್ನು ಮನೆಯವರಿಗೂ ಓದಿಸಿ. ಮೇಲೆ ಗಾಯ ಒಣಗಿದಂತೆ ಕಂಡ ಕೂಡಲೇ ‘ಈಗ ಚಲೋ ಆಗೇದಲ್ಲ’ ಎಂಬ ಮಾತು ಶುರುವಾಗುತ್ತದೆ, ಆಗ ಆ ಹಾಳೆ ನಿಮ್ಮ ಪರವಾಗಿ ಮಾತನಾಡುತ್ತದೆ. ತಾಯಿಯೋ ಅತ್ತೆಯೋ ಅಕ್ಕನೋ ಒಬ್ಬರು ಬಂದು ನಿಲ್ಲುವುದು ಖಚಿತವಾದ ಮೇಲೆಯೇ ದಿನಾಂಕ ಗೊತ್ತು ಮಾಡಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ರೊಟ್ಟಿ ಕೇಂದ್ರಗಳು ಈಗ ನಮ್ಮ ಭಾಗದ ಹಲವು ಊರುಗಳಲ್ಲಿ ಇವೆ. ಅದರಲ್ಲಿ ಸಂಕೋಚ ಬೇಡ.

ಮೂರನೆಯದು ಕಾಲ. ಶಸ್ತ್ರಚಿಕಿತ್ಸೆಯ ನಂತರ ರಟ್ಟೆಗೆ ಬಿಗಿಯಾದ ಕಂಪ್ರೆಷನ್ ಬಟ್ಟೆಯನ್ನು ಹಗಲೂ ರಾತ್ರಿ ಹಲವು ವಾರ ಹಾಕಿಕೊಂಡಿರಬೇಕು. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವಾಗ ಅದನ್ನು ತೊಟ್ಟು ಕೂರುವುದು ಹಿಂಸೆ. ಬೆವರಿನಿಂದ ಕಂಕುಳ ಗಾಯಕ್ಕೆ ಸೋಂಕು ತಗಲುವ ಭಯವೂ ಇದೆ. ದೀಪಾವಳಿ ಮುಗಿಸಿಕೊಂಡು ಹೋಗಿ ಬೇಸಿಗೆ ಶುರುವಾಗುವುದರೊಳಗೆ ಚೇತರಿಸಿಕೊಳ್ಳುವಂತೆ ನೋಡಿಕೊಳ್ಳಿ. ತೊಳೆದು ಬದಲಿಸಲು ಎರಡು ಜೊತೆ ಬಟ್ಟೆ ಇರಲಿ.

ಇನ್ನೊಂದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮುಂಗೈಯ ಒಳಬದಿಗೆ ಸ್ಪರ್ಶ ಕೊಡುವ ನರವೊಂದು ರಟ್ಟೆಯ ಕೆಳಭಾಗದಲ್ಲಿ ಚರ್ಮಕ್ಕೆ ಹತ್ತಿರದಲ್ಲಿಯೇ ಹಾದುಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಬದಿ ಮರಗಟ್ಟುತ್ತದೆ. ಬಹಳಷ್ಟು ಜನರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹಾಗೆಯೇ ಉಳಿಯುತ್ತದೆ. ಮರಗಟ್ಟಿದ ಕೈ ಕಾದ ಹಂಚಿಗೆ ತಾಗಿದರೂ ತಕ್ಷಣ ತಿಳಿಯುವುದಿಲ್ಲ. ಒಲೆಯ ಮುಂದೆ ನಿಲ್ಲುವವರು ಇದನ್ನು ಮರೆಯಬಾರದು.

ಉತ್ತರ, ಗಂಗಾವತಿಯಿಂದ

ಇದು ಹೆಂಗಸರ ಶಸ್ತ್ರಚಿಕಿತ್ಸೆಯೆಂದು ಹಲವರು ತಿಳಿದಿದ್ದಾರೆ. ನಾನು ಗಂಡಸು, ಬೊಜ್ಜಿಗೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ ಅಂಗಿಯ ತೋಳಿನಲ್ಲಿ ಚರ್ಮ ಮಡಿಕೆಯಾಗಿ ಸಿಕ್ಕಿಕೊಂಡು ಹುಣ್ಣಾಗುತ್ತಿದ್ದುದರಿಂದ ಇದನ್ನು ಮಾಡಿಸಿದೆ. ಮೇಲಿನ ಸಹೋದರಿ ಹೇಳಿರುವುದಕ್ಕೆ ಎರಡು ಮೂರು ಮಾತು ಸೇರಿಸುತ್ತೇನೆ.

ತೂಕ ಸ್ಥಿರವಾಗದೆ ಕೈಹಾಕಬೇಡಿ. ಕನಿಷ್ಠ ಆರು ತಿಂಗಳಿನಿಂದ ತೂಕ ಏರದೆ ಇಳಿಯದೆ ನಿಂತಿರಬೇಕೆಂದು ವೈದ್ಯರು ಬಯಸುತ್ತಾರೆ. ಬೇರಿಯಾಟ್ರಿಕ್ ಆದವರನ್ನು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಿಸುತ್ತಾರೆ. ಇನ್ನೂ ಇಳಿದರೆ ಚರ್ಮ ಮತ್ತೆ ಸಡಿಲವಾಗುತ್ತದೆ, ಏರಿದರೆ ಕಲೆ ಹಿಗ್ಗುತ್ತದೆ. ಬಹಳ ತೂಕ ಇಳಿಸಿದವರಲ್ಲಿ ಪ್ರೋಟೀನ್, ಕಬ್ಬಿಣಾಂಶ, ಬಿ12, ಡಿ ವಿಟಮಿನ್ ಕಡಿಮೆಯಾಗಿರುವುದು ಸಾಮಾನ್ಯ, ಮತ್ತು ಅವು ಕಡಿಮೆಯಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಕೊರತೆಯನ್ನು ತುಂಬಿಕೊಂಡೇ ಮುಂದುವರಿಯಿರಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹತೋಟಿಗೆ ತಂದುಕೊಳ್ಳಬೇಕು.

ಗಂಡಸರಿಗೆ ಮುಖ್ಯವಾಗಿ ಹೇಳಬೇಕಾದದ್ದು ತಂಬಾಕಿನ ವಿಷಯ. ಬೀಡಿ ಸಿಗರೇಟು ಬಿಟ್ಟರೆ ಸಾಕೆಂದು ತಿಳಿದು ಗುಟ್ಕಾ, ತಂಬಾಕಿನ ಎಲೆಯಡಿಕೆ ಮುಂದುವರಿಸುವವರು ನಮ್ಮ ಕಡೆ ಬಹಳ ಇದ್ದಾರೆ. ನಿಕೋಟಿನ್ ಬಾಯಿಂದ ಹೋದರೂ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಅದು ಕಪ್ಪಾಗಿ ಸತ್ತುಹೋಗಬಹುದು. ಹಿಂದೆ ನಾಲ್ಕು ವಾರ, ಮುಂದೆ ನಾಲ್ಕು ವಾರ ಯಾವ ರೂಪದ ತಂಬಾಕೂ ಬೇಡ.

ಹಣದ ವಿಷಯದಲ್ಲಿ, ಆರೋಗ್ಯ ವಿಮೆಯನ್ನು ನೆಚ್ಚಬೇಡಿ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್‌ನ ನಂತರದ ಪುನರ್ನಿರ್ಮಾಣ ಅಥವಾ ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭ ಬಿಟ್ಟರೆ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಗಳು ಹೊರಗಿಡುತ್ತವೆ. ನಿಮಗಿರುವ ಗಂದೆ, ತುರಿಕೆಗೆ ಚರ್ಮವೈದ್ಯರಲ್ಲಿ ಚಿಕಿತ್ಸೆ ಪಡೆದ ಚೀಟಿಗಳಿದ್ದರೆ ಇಟ್ಟುಕೊಳ್ಳಿ, ವಿಮೆಯವರಿಗೆ ಮೊದಲೇ ಬರೆದು ಕೇಳಿ. ಆದರೆ ಆ ಹಣ ಬರುತ್ತದೆಂದು ಲೆಕ್ಕ ಹಾಕಿ ಸಾಲ ಮಾಡಬೇಡಿ. ಅಂದಾಜು ಪಟ್ಟಿಯಲ್ಲಿ ಅರಿವಳಿಕೆ, ಔಷಧಿ, ಕಂಪ್ರೆಷನ್ ಬಟ್ಟೆ, ಮರುಭೇಟಿಗಳು ಸೇರಿವೆಯೇ, ಹೊಲಿಗೆ ಬಿಟ್ಟರೆ ಮರುಚಿಕಿತ್ಸೆಯ ಖರ್ಚು ಯಾರದೆಂಬುದನ್ನು ಬರಹದಲ್ಲಿ ಪಡೆಯಿರಿ.

ಉತ್ತರ, ರಾಯಚೂರಿನಿಂದ

ನಾನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ಮಾಡುವವರು ಯಾರು, ಎಲ್ಲಿ ಮಾಡುತ್ತಾರೆ ಎಂಬುದನ್ನು ಪರೀಕ್ಷಿಸದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ಪದವಿ ಇರಬೇಕು, ಹೆಸರು ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿರಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಸ್ಪತ್ರೆ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರವನ್ನು ತೋರಿಸಿರೆಂದು ಕೇಳುವುದು ನಿಮ್ಮ ಹಕ್ಕು. ಎರಡು ಮೂರು ಗಂಟೆ ಅರಿವಳಿಕೆಯಲ್ಲಿ ನಡೆಯುವ ಕೆಲಸವಿದು, ಆದ್ದರಿಂದ ಅರಿವಳಿಕೆ ತಜ್ಞರೂ ತೀವ್ರ ನಿಗಾ ಘಟಕವೂ ಅಲ್ಲಿಯೇ ಇರಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡ ಸುದ್ದಿ ನಿಮಗೆಲ್ಲ ನೆನಪಿರಬಹುದು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸೌಂದರ್ಯಕ್ಕಾಗಿ ಮಾಡುವುದೂ ಪೂರ್ಣ ಪ್ರಮಾಣದ ಶಸ್ತ್ರಚಿಕಿತ್ಸೆಯೇ ಎಂಬುದು ಮನೆಯವರಿಗೆಲ್ಲ ತಿಳಿದಿರಲಿ.

ಕೆಲವರಿಗೆ ರಟ್ಟೆಯಿಂದ ದ್ರವ ಹೊರಹೋಗಲು ಡ್ರೈನ್ ಕೊಳವೆ ಇಟ್ಟು ಕಳುಹಿಸುತ್ತಾರೆ. ದಿನಕ್ಕೆ ಎಷ್ಟು ಮಿಲಿಲೀಟರ್ ಬಂತು, ಯಾವ ಬಣ್ಣವಿತ್ತು ಎಂದು ಬರೆದಿಡಿ. ರಕ್ತದ ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗಿ ಹಳದಿಗೆ ತಿರುಗುತ್ತ, ಪ್ರಮಾಣ ಇಳಿಯುತ್ತ ಬರಬೇಕು. ಕೊಳವೆ ತೆಗೆದ ಮೇಲೆಯೂ ಚರ್ಮದಡಿ ನೀರು ತುಂಬಿಕೊಂಡು ಬುರುಡೆಯಂತೆ ಉಬ್ಬಬಹುದು. ಅದನ್ನು ಸೂಜಿಯಿಂದ ತೆಗೆಯಬೇಕಾಗುತ್ತದೆ, ಮನೆಯಲ್ಲಿ ಒತ್ತಿ ಹಿಂಡಬಾರದು. ಮಲಗುವಾಗ ಎರಡೂ ಕೈಗಳನ್ನು ದಿಂಬಿನ ಮೇಲಿಟ್ಟು ಎತ್ತರಿಸಿ, ಬೆರಳುಗಳನ್ನು ಆಗಾಗ ಮಡಚಿ ಬಿಡಿಸಿ, ಮೊದಲ ದಿನದಿಂದಲೇ ಮನೆಯೊಳಗೆ ನಡೆದಾಡಿ.

ಒಂದು ರಟ್ಟೆ ಮಾತ್ರ ಹಠಾತ್ತನೆ ಊದಿಕೊಂಡು ಬಿಗಿದರೆ, ಜ್ವರ ಬಂದು ಗಾಯದಿಂದ ವಾಸನೆಯ ಕೀವು ಬಂದರೆ, ಬೆರಳು ತಣ್ಣಗಾಗಿ ಬಣ್ಣ ಬದಲಾದರೆ, ಮೀನಖಂಡ ನೋಯತೊಡಗಿದರೆ, ಉಸಿರು ಕಟ್ಟಿದರೆ, ಬೆಂಗಳೂರಿಗೋ ಹೈದರಾಬಾದಿಗೋ ರಾತ್ರಿ ರೈಲಿಗೆ ಕಾಯಬೇಡಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಮೊದಲು ಅಲ್ಲಿಗೆ ಹೋಗಿ; ನಿಮ್ಮ ಶಸ್ತ್ರವೈದ್ಯರಿಗೆ ದಾರಿಯಲ್ಲಿಯೇ ಫೋನ್ ಮಾಡಬಹುದು. ಇದಕ್ಕಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಏನು ಮಾಡಿದ್ದಾರೆಂಬುದು ವಿವರವಾಗಿರುವಂತೆ ಬರೆಸಿಕೊಂಡು ಬನ್ನಿ.

ಉತ್ತರ, ಕೊಪ್ಪಳದಿಂದ

ನನ್ನ ತಂಗಿಯ ಆರೈಕೆ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಮುಂದೆ ಗುಂಡಿ ಇರುವ ನೈಟಿಗಳನ್ನು ಮೊದಲೇ ಹೊಲಿಸಿಡಿ, ತಲೆಯ ಮೇಲಿಂದ ಹಾಕುವ ಯಾವ ಬಟ್ಟೆಯೂ ಆ ದಿನಗಳಲ್ಲಿ ಆಗುವುದಿಲ್ಲ. ತಲೆ ಬಾಚಲು, ಬೆನ್ನು ತೊಳೆಯಲು, ಶೌಚಾಲಯದಲ್ಲಿ ಎದ್ದು ಕೂರಲು ಕೈ ಊರುವಂತಿಲ್ಲವಾದ್ದರಿಂದ ಹತ್ತಿರದವರೊಬ್ಬರು ಬೇಕೇ ಬೇಕು. ರೈಲಿನಲ್ಲಿ ಮರಳುವುದಾದರೆ ಕೆಳಗಿನ ಬರ್ತ್ ಕಾಯ್ದಿರಿಸಿ. ಮೇಲಿನದಕ್ಕೆ ಏರಲು ಕಂಬಿ ಹಿಡಿದು ಜಗ್ಗುವುದು ಹೊಲಿಗೆಗೆ ಅಪಾಯ. ತಂಗಿಗೆ ನೋವಿಗಿಂತ ಹೆಚ್ಚು ಕಷ್ಟ ಕೊಟ್ಟದ್ದು ನೋಡಲು ಬಂದವರ ‘ಇದೆಲ್ಲ ಯಾಕ ಬೇಕಿತ್ತವ್ವಾ’ ಎಂಬ ಪ್ರಶ್ನೆ. ಬೇಸಿಗೆಗಟ್ಟಲೆ ಕಂಕುಳ ಹುಣ್ಣನ್ನು ಸಹಿಸಿದವಳು ಅವಳು. ಯಾರಿಗೂ ಕಾರಣ ಹೇಳುವ ಋಣ ಅವಳಿಗಿರಲಿಲ್ಲ, ನಿಮಗೂ ಇಲ್ಲ.

ಪ್ರಶ್ನೆ ಕೇಳಿದವರು, ಸಿಂಧನೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದೇನೆ, ಮತ್ತೊಂದು ಮಗುವಿನ ಯೋಚನೆಯೂ ಇದೆ. ಕಾಯಬೇಕೇ?

ಉತ್ತರ, ರಾಯಚೂರಿನಿಂದ

ಕಾಯುವುದೇ ಒಳ್ಳೆಯದು. ಇದು ತುರ್ತು ಚಿಕಿತ್ಸೆಯಲ್ಲ, ಮುಂದೂಡಿದ್ದರಿಂದ ಕೆಡುವುದೇನೂ ಇಲ್ಲ. ಹಾಲುಣಿಸುವುದು ಮುಗಿಯಲಿ, ಮಗುವನ್ನು ಎತ್ತಿಕೊಳ್ಳಲೇಬೇಕಾದ ವಯಸ್ಸು ದಾಟಲಿ. ಇನ್ನೊಂದು ಬಸಿರಿನಲ್ಲಿ ತೂಕ ಏರಿ ಇಳಿದರೆ ಬಿಗಿಗೊಳಿಸಿದ ಚರ್ಮ ಮತ್ತೆ ಸಡಿಲವಾಗಬಹುದಾದ್ದರಿಂದ, ಅದೂ ಮುಗಿದು ತೂಕ ನಿಂತ ಮೇಲೆ ಮಾಡಿಸುವುದು ಲೇಸು. ಅಲ್ಲಿಯವರೆಗೆ ಕಂಕುಳ ಮಡಿಕೆಯನ್ನು ತೊಳೆದು ಪೂರ್ತಿ ಒಣಗಿಸಿ ಹತ್ತಿಬಟ್ಟೆಯ ಸಡಿಲ ರವಿಕೆ ತೊಡಿ. ಗಂದೆಗೆ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಬೇಡಿ, ಅದರಿಂದ ಚರ್ಮ ತೆಳುವಾಗುತ್ತದೆ, ಶಿಲೀಂಧ್ರದ ಸೋಂಕಾಗಿದ್ದರೆ ಹೆಚ್ಚುತ್ತದೆ. ಚರ್ಮವೈದ್ಯರಿಗೆ ಒಮ್ಮೆ ತೋರಿಸಿ, ಹಾಲುಣಿಸುತ್ತಿರುವುದನ್ನು ಅವರಿಗೆ ಹೇಳಿಯೇ ಔಷಧಿ ಬರೆಸಿಕೊಳ್ಳಿ.