ಮೈಸೂರಲ್ಲಿ ಲಾನ್‌ಗೆ ಸಾವಯವ ಆರೈಕೆ: ವರ್ಷದಲ್ಲಿ ಯಾವಾಗ ಏನು ಮಾಡಬೇಕು?

ಬೋಗಾದಿ_ಮನೆ:

ಎಲ್ಲರಿಗೂ ನಮಸ್ಕಾರ. ಬೋಗಾದಿ ಕಡೆ ನಮ್ಮದು 40x60 ಸೈಟು. ಮನೆ ಮುಂದೆ ಸುಮಾರು 500 ಚದರಡಿ ಲಾನ್ ಇದೆ, ಮೆಕ್ಸಿಕನ್ ಗ್ರಾಸ್. ಮನೆ ಕಟ್ಟಿದ ಮೇಲೆ ಹಾಕಿಸಿದ್ದು. ಇಷ್ಟು ದಿನ ಮಾಲಿಯೊಬ್ಬರು ಬಂದು ಯೂರಿಯಾ ಎರಚಿ, ಆಗಾಗ ಯಾವುದೋ ಪುಡಿ ಹಾಕಿ ಹೋಗುತ್ತಿದ್ದರು. ಈಗ ಮಗಳು ಅಂಬೆಗಾಲಿಡುತ್ತಿದ್ದಾಳೆ. ಬೆಳಿಗ್ಗೆ ಸಂಜೆ ಹುಲ್ಲಿನ ಮೇಲೇ ಇರುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಯಾವ ಕೆಮಿಕಲ್ಲೂ ಬೇಡ ಎಂದು ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ.

ಇಂಟರ್ನೆಟ್‌ನಲ್ಲಿ ಸಿಗುವ ವರ್ಷದ ಪಟ್ಟಿಗಳೆಲ್ಲ ಹಿಮ ಬೀಳುವ ದೇಶಗಳದ್ದು. ಹಿಮ ಕರಗಿದ ಮೇಲೆ ಏಪ್ರಿಲ್‌ನಲ್ಲಿ ಗೊಬ್ಬರ ಹಾಕಿ ಎನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ಇರುತ್ತದೆ! ನಮ್ಮ ಊರಿಗೆ ಹೊಂದುವ ಹಾಗೆ ಯಾವ ತಿಂಗಳು ಏನು ಮಾಡಬೇಕು, ನೀರು ಎಷ್ಟು ಬಿಡಬೇಕು, ಯಾರಾದರೂ ಹೇಳುತ್ತೀರಾ? ಇನ್ನೆರಡು ತೊಂದರೆ ಇದೆ. ಕಾಂಪೌಂಡ್ ಪಕ್ಕ ಹುಲ್ಲು ವರ್ಷವಿಡೀ ಹಳದಿ. ಗೇಟಿನ ಹತ್ತಿರ ಕೊನ್ನಾರಿ ಗಡ್ಡೆ ಎಷ್ಟು ಕಿತ್ತರೂ ಮತ್ತೆ ಬರುತ್ತದೆ.

ಕುವೆಂಪುನಗರ_ಎರೆಹುಳು:

ಸರ್, ಗೊಬ್ಬರದ ವಿಷಯ ಆಮೇಲೆ. ಮೊದಲು ಆ ಹಳದಿ ಜಾಗದಲ್ಲಿ ಒಂದಡಿ ಗುಂಡಿ ತೆಗೆದು ನೋಡಿ. ಹೊಸ ಮನೆಗಳ ಲಾನ್‌ನಲ್ಲಿ ಮುಕ್ಕಾಲು ಪಾಲು ಕಥೆ ಅಲ್ಲೇ ಗೊತ್ತಾಗುತ್ತದೆ. ಮೇಲೆ ಮೂರು ಇಂಚು ಕೆಂಪು ಮಣ್ಣು, ಅದರ ಕೆಳಗೆ ಒಡೆದ ಇಟ್ಟಿಗೆ, ಜಲ್ಲಿ, ಗಟ್ಟಿಯಾದ ಸಿಮೆಂಟ್ ಗಾರೆ. ಆ ಗಾರೆ ಚೂರನ್ನು ಕೈಗೆ ತೆಗೆದುಕೊಂಡು ನಿಂಬೆಹಣ್ಣು ಹಿಂಡಿ, ಸಣ್ಣ ಗುಳ್ಳೆ ಎದ್ದರೆ ಸುಣ್ಣ ಇದೆ ಎಂದರ್ಥ. ಸುಣ್ಣ ಜಾಸ್ತಿಯಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ, ಹುಲ್ಲು ಹಳದಿಯಾಗುತ್ತದೆ, ಎಷ್ಟು ಯೂರಿಯಾ ಸುರಿದರೂ ಅಷ್ಟೇ. ಆ ಪಟ್ಟಿಯ ಮಣ್ಣನ್ನು ಎಂಟು ಇಂಚು ಆಳಕ್ಕೆ ತೆಗೆಸಿ, ಕೆಂಪು ಮಣ್ಣಿಗೆ ಮೂರನೇ ಒಂದು ಪಾಲು ಕಾಂಪೋಸ್ಟ್ ಬೆರೆಸಿ ತುಂಬಿಸಿ, ಪಕ್ಕದ ಹುಲ್ಲನ್ನೇ ಬೇರು ಸಮೇತ ಕಿತ್ತು ನೆಡಿ. ಉಳಿದ ಲಾನ್‌ನ ಮಣ್ಣನ್ನು ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಲ್ಯಾಬ್‌ಗೆ ಒಮ್ಮೆ ಕೊಟ್ಟುಬಿಡಿ.

ಈಗ ವರ್ಷದ ಲೆಕ್ಕ. ನಮ್ಮದು ಬೆಚ್ಚನೆ ಹವೆಯ ಹುಲ್ಲು. ಅದು ಬೆಳೆಯುವುದು ಮೇಯಿಂದ ಅಕ್ಟೋಬರ್ ತನಕ, ಮಳೆ ಇರುವಾಗ. ಗೊಬ್ಬರವೂ ಆಗಲೇ. ಈಗ ಜನವರಿ, ಫೆಬ್ರವರಿಯಲ್ಲಿ ಏನೂ ಹಾಕಬೇಡಿ, ಕಳೆ ತೆಗೆಯಿರಿ ಸಾಕು. ಏಪ್ರಿಲ್ ಕೊನೆಗೆ ಒಂದೆರಡು ಹದವಾದ ಮಳೆ ಬಿದ್ದು ನೆಲ ಮೆತ್ತಗಾದಾಗ, ಮುಳ್ಳು ಫೋರ್ಕ್ ತೆಗೆದುಕೊಂಡು ಇಡೀ ಲಾನ್‌ಗೆ ಅರ್ಧ ಅಡಿಗೊಂದರಂತೆ ಚುಚ್ಚಿ. ಮಕ್ಕಳು ದೊಡ್ಡವರು ತುಳಿದು ಗಟ್ಟಿಯಾದ ನೆಲಕ್ಕೆ ಗಾಳಿ ನೀರು ಇಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅದರ ಮೇಲೆ ಜರಡಿ ಹಿಡಿದ ಎರೆಗೊಬ್ಬರ 50 ಕೆಜಿ, ಬೇವಿನ ಹಿಂಡಿ 3 ಕೆಜಿ, ಒಂದಷ್ಟು ಮರಳು ಬೆರೆಸಿ ತೆಳ್ಳಗೆ ಹರಡಿ ಪೊರಕೆಯಲ್ಲಿ ಗುಡಿಸಿ, ಹುಲ್ಲಿನ ತುದಿ ಕಾಣುತ್ತಲೇ ಇರಬೇಕು. ಆಗಸ್ಟ್‌ನಲ್ಲಿ ಇದರ ಅರ್ಧ. ದಸರಾ ಹೊತ್ತಿಗೆ ಕೊನೆಯದಾಗಿ ಇನ್ನರ್ಧ. ನಡುವೆ ತಿಂಗಳಿಗೊಮ್ಮೆ ಜೀವಾಮೃತ ಚಿಮುಕಿಸಿದರೆ ಇನ್ನೂ ಒಳ್ಳೆಯದು.

ಕತ್ತರಿಸುವಾಗ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಒಂದೂವರೆ ಇಂಚು ಉಳಿಯಲಿ. ಸಣ್ಣ ಚೂರುಗಳನ್ನು ಅಲ್ಲೇ ಬಿಡಿ. ಅದು ಕೊಳೆತು ಗೊಬ್ಬರವೇ ಆಗುತ್ತದೆ, ಚೀಲದಲ್ಲಿ ತುಂಬಿ ಕಸದ ಗಾಡಿಗೆ ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನೀರು: ದಿನಾ ಸಂಜೆ ಹತ್ತು ನಿಮಿಷ ಪೈಪ್ ಹಿಡಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬೇರು ಮೇಲೇ ಉಳಿಯುತ್ತದೆ, ರಾತ್ರಿಯೆಲ್ಲ ಎಲೆ ಒದ್ದೆಯಿದ್ದರೆ ಬೂಸ್ಟು ಬರುತ್ತದೆ. ಬೆಳಿಗ್ಗೆ ಬಿಡಿ, ವಾರಕ್ಕೆ ಎರಡು ಸಲ, ನಾಲ್ಕೈದು ಇಂಚು ಆಳಕ್ಕೆ ಇಳಿಯುವಷ್ಟು.

ಮದ್ದೂರು_ಗದ್ದೆ:

ಅಣ್ಣ ಹೇಳಿದ್ದು ಸರಿ ಇದೆ. ಆದರೆ ತಾರೀಕು ನೋಡಿಕೊಂಡು ಕೂರಬೇಡಿ, ಮಳೆ ನೋಡಿ. ನಮ್ಮ ಮನೆಯಲ್ಲಿ ಈಗಲೂ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರದ್ದೇ ಲೆಕ್ಕ. ಭರಣಿ ಏಪ್ರಿಲ್ ಕೊನೆಯ ವಾರಕ್ಕೆ ಹುಟ್ಟುತ್ತದೆ. ಆ ಮಳೆ ಬಂದರೆ ಗೊಬ್ಬರ ಹಾಕಿ, ಬರಲಿಲ್ಲವೋ ಕೃತ್ತಿಕೆಗೆ ಕಾಯಿರಿ. ಒಣ ನೆಲಕ್ಕೆ ಹಾಕಿದ ಗೊಬ್ಬರ ಸುಮ್ನೆ ಬಿಸಿಲಿಗೆ ಒಣಗುತ್ತದೆ.

ಆ ಮೊದಲ ಮಳೆಯಲ್ಲೇ ಇನ್ನೊಂದು ನೋಡಬೇಕು. ಕತ್ತಲಾಗುತ್ತಿದ್ದಂತೆ ಕಂದು ಬಣ್ಣದ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ, ಬೀದಿ ದೀಪಕ್ಕೆ ಮುತ್ತುತ್ತವೆ. ಅವುಗಳ ಮರಿಯೇ ಗೊಣ್ಣೆ ಹುಳು. ನಮ್ಮ ಕಡೆ ಕಬ್ಬಿಗೂ ಬೀಳುತ್ತದೆ. ಮಣ್ಣಿನೊಳಗೆ ಮೊಟ್ಟೆ ಇಟ್ಟು, ಜೂನ್‌ನಿಂದ ಅಕ್ಟೋಬರ್ ತನಕ ಮರಿ ಬೇರು ತಿನ್ನುತ್ತದೆ. ಮಳೆಗಾಲದಲ್ಲೂ ಹುಲ್ಲು ತೇಪೆ ತೇಪೆಯಾಗಿ ಒಣಗಿದರೆ ಅಲ್ಲಿ ಕೈ ಹಾಕಿ ಎಳೆಯಿರಿ. ಚಾಪೆ ಎತ್ತಿದ ಹಾಗೆ ಎದ್ದು ಬಂತು ಅಂದರೆ ಬೇರು ಇಲ್ಲ, ಕೆಳಗೆ ಬೆಳ್ಳಗೆ ದಪ್ಪ ಹುಳು, ಕಂದು ತಲೆ, ಅರ್ಧ ಸುತ್ತಿಕೊಂಡು ಮಲಗಿರುತ್ತದೆ. ಇದಕ್ಕೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ ಸಿಗುತ್ತದೆ. ಕಳಿತ ಗೊಬ್ಬರಕ್ಕೆ ಬೆರೆಸಿ ನೆರಳಲ್ಲಿ ತೇವ ಮಾಡಿ ಇಟ್ಟು ಜೂನ್‌ನಲ್ಲಿ ಹಾಕಿ. ಹುಳು ಚಿಕ್ಕದಿದ್ದಾಗಲೇ ಹಾಕಬೇಕು, ಬಲಿತ ಮೇಲೆ ಹಾಕಿ ಪ್ರಯೋಜನ ಕಮ್ಮಿ. ಮೈಸೂರಿನ ನಾಗನಹಳ್ಳಿಯಲ್ಲಿ ಸಾವಯವ ಕೃಷಿ ಸಂಶೋಧನಾ ಕೇಂದ್ರ ಇದೆ, ನೇರ ಹೋಗಿ ಕೇಳಬಹುದು.

ಕೊಟ್ಟಿಗೆ ಗೊಬ್ಬರ ಯಾರಾದರೂ ಅಗ್ಗಕ್ಕೆ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿಯುತ್ತೇನೆ ಅಂದರೆ ಹುಷಾರು. ಪೂರ್ತಿ ಕಳಿಯದ ಗೊಬ್ಬರದಲ್ಲಿ ಪಾರ್ಥೇನಿಯಂ ಬೀಜ ಜೀವಂತ ಇರುತ್ತದೆ, ಗೆದ್ದಲೂ ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಪುಡಿಪುಡಿ ಆಗಬೇಕು, ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಬಂದರೆ ವಾಪಸ್ ಕಳಿಸಿ. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬಿನ ರಸ ಸೋಸಿ ಉಳಿಯುವ ಪ್ರೆಸ್ ಮಡ್ಡೂ ಅಷ್ಟೇ, ಹಸಿಯದು ಬಿಸಿ ಹುಟ್ಟಿಸಿ ಹುಲ್ಲು ಸುಡುತ್ತದೆ.

ಕೊನ್ನಾರಿಗೆ ತಾಳ್ಮೆ ಬೇಕು ಸ್ವಾಮಿ. ಎಲೆ ಹಿಡಿದು ಎಳೆದರೆ ಗಡ್ಡೆ ಒಳಗೇ ಉಳಿಯುತ್ತದೆ. ಮಳೆ ಬಂದ ಮಾರನೇ ದಿನ ಸ್ಕ್ರೂಡ್ರೈವರ್ ಇಳಿಸಿ ಗಡ್ಡೆ ಸಮೇತ ಮೀಟಿ. ಹದಿನೈದು ದಿನಕ್ಕೊಮ್ಮೆ, ಐದಾರು ಎಲೆ ಬಿಡುವ ಮುಂಚೆ ತೆಗೆಯುತ್ತಾ ಹೋದರೆ ಗಡ್ಡೆಯ ಶಕ್ತಿ ಕುಂದುತ್ತದೆ.

ಸರಸ್ವತಿಪುರಂ_ಅಂಗಳ:

ಎರೆಹುಳು ಸರ್, ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಅಂಬೆಗಾಲಿಡುವ ಮಗು ಇರುವ ಲಾನ್‌ಗೆ ಜೀವಾಮೃತ ಬೇಡ. ಹಸಿ ಸಗಣಿ, ಗಂಜಲ ಸೇರಿಸಿ ಮಾಡಿದ್ದು ಅದು. ಸಾವಯವ ಅಂದ ಮಾತ್ರಕ್ಕೆ ಮಗುವಿನ ಬಾಯಿಗೆ ಹೋದರೆ ಪರವಾಗಿಲ್ಲ ಎಂದಲ್ಲ, ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಈ ವರ್ಷ ಚೆನ್ನಾಗಿ ಕಳಿತ ಗೊಬ್ಬರ ಸಾಕು. ಗೊಬ್ಬರ ಹಿಂಡಿ ಹಾಕಿದ ಮೇಲೂ ಒಂದೆರಡು ವಾರ, ಮಳೆಯಲ್ಲಿ ಪೂರ್ತಿ ಒಳಗೆ ಇಳಿಯುವ ತನಕ, ಮಗುವನ್ನು ಅಲ್ಲಿ ಬಿಡಬೇಡಿ. ಅರ್ಧರ್ಧ ಲಾನ್ ಸರದಿಯ ಮೇಲೆ ಮಾಡಿ, ಆಡಲು ಜಾಗ ಇದ್ದೇ ಇರುತ್ತದೆ.

ಇನ್ನು ನೀರು. 500 ಚದರಡಿಗೆ ಒಂದು ಇಂಚು ನೀರು ಎಂದರೆ ಸುಮಾರು 1,180 ಲೀಟರ್. ಮನೆ ಮೇಲಿನ 1,000 ಲೀಟರ್ ಟ್ಯಾಂಕ್ ಖಾಲಿ! ಮಾರ್ಚ್, ಏಪ್ರಿಲ್‌ನಲ್ಲಿ ವಾರಾ ವಾರಾ ಇಷ್ಟು ಕಾವೇರಿ ನೀರನ್ನು ಹುಲ್ಲಿಗೆ ಸುರಿಯಲು ನನಗೆ ಮನಸ್ಸು ಬರುವುದಿಲ್ಲ. ಸುರಿಯಬೇಕಾಗಿಯೂ ಇಲ್ಲ. ಬೇರು ಆಳಕ್ಕೆ ಇಳಿದ ಹುಲ್ಲು ಬೇಸಿಗೆಯಲ್ಲಿ ಬಣ್ಣ ಕಳೆದುಕೊಂಡರೂ ಸಾಯುವುದಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ ಜೀವ ಹಿಡಿಯುವಷ್ಟು ಕೊಡಿ, ಆಗ ಕತ್ತರಿಸಲೂ ಹೋಗಬೇಡಿ. ಮಳೆ ಬಿದ್ದರೆ ತಾನೇ ಹಸಿರಾಗುತ್ತದೆ.

ಬೋಗಾದಿ_ಮನೆ:

ತುಂಬಾ ಉಪಕಾರ ಆಯಿತು. ಜೀವಾಮೃತದ ಬಗ್ಗೆ ಮೇಡಂ ಹೇಳಿದ್ದು ನಮ್ಮ ಮನೆಯಲ್ಲೂ ಒಪ್ಪಿದರು, ಈ ವರ್ಷ ಬೇಡ. ಇನ್ನೊಂದು ಕೇಳಬೇಕಿತ್ತು. ಮಾವಿನ ಮರದ ಕೆಳಗೆ ಹುಲ್ಲೇ ನಿಲ್ಲುತ್ತಿಲ್ಲ. ಗೊಬ್ಬರ ಜಾಸ್ತಿ ಮಾಡಿದರೆ ಬರುತ್ತದೆಯಾ?

ಕುವೆಂಪುನಗರ_ಎರೆಹುಳು:

ಮೇಡಂ ಮಾತು ಸರಿ, ಮಗು ಇರುವಾಗ ಜೀವಾಮೃತ ಬಿಡಿ. ಮಾವಿನ ಕೆಳಗೆ ಎಷ್ಟು ಗೊಬ್ಬರ ಹಾಕಿದರೂ ಮೆಕ್ಸಿಕನ್ ಬರುವುದಿಲ್ಲ. ಅದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಗರಿಕೆಗೂ ನೆರಳು ಆಗುವುದಿಲ್ಲ. ಅಗಲ ಎಲೆಯ ಕಾರ್ಪೆಟ್ ಗ್ರಾಸ್ ಸ್ವಲ್ಪ ತಡೆಯುತ್ತದೆ, ಮಳೆ ಶುರುವಾದಾಗ ನೆಟ್ಟು ನೋಡಿ. ಬುಡದ ಸುತ್ತ ಮೂರು ಅಡಿಗೆ ಹುಲ್ಲಿನ ಆಸೆ ಬಿಟ್ಟು, ಬಿದ್ದ ಮಾವಿನ ಎಲೆಯನ್ನೇ ಹೊದಿಸಿ. ಮರಕ್ಕೂ ಅದೇ ಒಳ್ಳೆಯದು.