ಸಹಾಯ ಬೇಕು: 78 ದಿನದ ಏರಿಳಿತ ನಿಜವೋ, ಬರೀ ನಾಯ್ಸೋ?

ಪುಣೆ ಕನ್ನಡಿಗರಿಗೆ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಐಯುಕಾ ಅಥವಾ ಎನ್‌ಸಿಆರ್‌ಎ ಥರದ ಖಗೋಳ ಸಂಶೋಧನಾ ಸಂಸ್ಥೆಗಳ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ನನ್ನ ವಿಷಯ ಎನ್‌ಜಿಸಿ 5907 ಗೆಲಾಕ್ಸಿಯ ಅತಿ ಪ್ರಖರ ಎಕ್ಸ್-ರೇ ಮೂಲ. ಇಂಥವೆಲ್ಲ ಕಪ್ಪುಕುಳಿ ಅಂತಲೇ ಬಹಳ ಜನ ನಂಬಿದ್ದರು. 2014ರಲ್ಲಿ ಎಂ82 ಗೆಲಾಕ್ಸಿಯ ಒಂದು ಮೂಲ 1.37 ಸೆಕೆಂಡಿಗೊಮ್ಮೆ ಮಿಡಿಯೋದು ಗೊತ್ತಾಯ್ತು. ಕಪ್ಪುಕುಳಿ ಹಾಗೆ ಮಿಡಿಯಲ್ಲ, ಅದು ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳು! ನನ್ನದೂ ಅದೇ ಜಾತಿ, ಮಿಡಿತ ಸುಮಾರು 1.1 ಸೆಕೆಂಡ್. ಜೊತೆಗೆ ಸುಮಾರು 78 ದಿನಕ್ಕೊಮ್ಮೆ ಹೊಳಪು ಏರಿ ಇಳಿಯುತ್ತೆ ಅಂತ ಪ್ರಕಟಿತ ಲೇಖನಗಳಲ್ಲಿದೆ.

ತೊಂದರೆ ಇಲ್ಲಿದೆ. ಸ್ವಿಫ್ಟ್ ಉಪಗ್ರಹದ ಡೇಟಾ ಹಾಕಿ ಲೋಂಬ್-ಸ್ಕಾರ್ಗಲ್ (ಬಿಟ್ಟುಬಿಟ್ಟು ಸಿಕ್ಕ ಡೇಟಾದಲ್ಲಿ ಲಯ ಹುಡುಕೋ ವಿಧಾನ) ಓಡಿಸಿದರೆ 78 ದಿನದ ಹತ್ತಿರ ಶಿಖರ ಬರುತ್ತೆ. ಮೂಲ ಮಂಕಾಗಿದ್ದ ತಿಂಗಳುಗಳನ್ನೂ ಸೇರಿಸಿದರೆ ಅದೇ ಶಿಖರ ದೋಸೆ ಥರ ಚಪ್ಪಟೆ. ಚುಕ್ಕೆಗಳ ನಡುವೆ ಖಾಲಿ ಜಾಗವೂ ಬೇಕಾದಷ್ಟು. ಮಂಕಾದ ಭಾಗ ಬಿಡೋದು ಸರಿಯಾ, ಇಲ್ಲ ಅದು ಮೋಸವಾ? ರೆಡ್ ನಾಯ್ಸ್ (ಲಯ ಇಲ್ಲದಿದ್ದರೂ ಲಯದ ಥರ ಕಾಣೋ ನಿಧಾನ ಏರಿಳಿತ) ಪರೀಕ್ಷೆ ಹೇಗೆ ಮಾಡೋದು?

ಗೈಡ್ ಊರಲ್ಲಿಲ್ಲ. ಔಂಧ್, ಶಿವಾಜಿನಗರ ಎಲ್ಲಿ ಕರೆದರೂ ಲ್ಯಾಪ್‌ಟಾಪ್ ಹಿಡಿದು ಬರ್ತೀನಿ. ಫಿಲ್ಟರ್ ಕಾಫಿ ನನ್ನ ಲೆಕ್ಕ.